ಮಲಗಿ ಎಚ್ಚರವಿರುವ ವಿದ್ಯೆ

ಉಳುವ ಎತ್ತಿಗೂ ಮಧ್ಯಾಹ್ನ ನೊಗ ಇಳಿಸಿ ನೆರಳಿಗೆ ಕಟ್ಟುವವರು ನಾವು. ಆದರೆ ನಿಮಿಷಕ್ಕೆ ಸುಮಾರು 70 ಸಲ, ದಿನಕ್ಕೆ ಒಂದು ಲಕ್ಷ ಸಲ ಬಡಿಯುವ ಹೃದಯಕ್ಕೆ ನೊಗ ಇಳಿಸುವ ಹೊತ್ತು ಯಾವುದು? ತಾಯಿಯ ಗರ್ಭದಲ್ಲಿ ಆರಂಭವಾದ ಅದರ ದುಡಿಮೆ ಕೊನೆಯ ಉಸಿರಿನ ತನಕ ನಿಲ್ಲುವಂತಿಲ್ಲ. ನಿಲ್ಲಿಸಲು ಬಾರದು, ಭಾರ ಇಳಿಸಲು ಬರುತ್ತದೆ. ಆ ಉಪಾಯವೇ ಶವಾಸನ. ಸ್ವಾತ್ಮಾರಾಮರ ಹಠಯೋಗ ಪ್ರದೀಪಿಕೆಯಲ್ಲಿ ಇದರ ಉಲ್ಲೇಖವಿದೆ. ಹೆಸರು ಕೇಳಿ ಅಪಶಕುನವೆಂದು ಕೆಲವು ಹಿರಿಯರು ಮುಖ ತಿರುಗಿಸುವುದುಂಟು. ಹೆಸರಿಗೆ ಹೆದರಬೇಕಾಗಿಲ್ಲ.

ಬಿಹಾರದ ಮುಂಗೇರಿನ ಸ್ವಾಮಿ ಸತ್ಯಾನಂದ ಸರಸ್ವತಿಯವರು ಇದಕ್ಕೆ ಇನ್ನಷ್ಟು ಕ್ರಮ ಕೊಟ್ಟು ಯೋಗನಿದ್ರೆಯೆಂದು ಕಲಿಸಿದರು. ಒಬ್ಬರು ನಿಧಾನವಾಗಿ ಹೇಳುತ್ತ ಹೋಗಬೇಕು: ಬಲಗೈ ಹೆಬ್ಬೆರಳು, ತೋರುಬೆರಳು, ಅಂಗೈ, ಮೊಣಕೈ, ಭುಜ. ಮಲಗಿದವರ ಮನಸ್ಸು ಹಸುವಿನ ಹಿಂದೆ ಕರು ಹೋದಂತೆ ಆ ಮಾತಿನ ಹಿಂದೆ ಹೋಗುತ್ತದೆ. ಮೈ ಅಲುಗಬಾರದು, ನಿದ್ದೆಯೂ ಬರಬಾರದು. ಬಂದರೆ ಪಾಪವೇನಿಲ್ಲ, ಗೊರಕೆಯಿಂದ ಪಕ್ಕದವರಿಗೆ ತೊಂದರೆ ಅಷ್ಟೆ.

ಇದರಿಂದ ಹೃದಯಕ್ಕೇನು ಲಾಭ? ಸಿಟ್ಟು, ಸಾಲದ ಚಿಂತೆ, ಮಗಳ ಮದುವೆಯ ಯೋಚನೆ ಇವೆಲ್ಲ ಹೃದಯಕ್ಕೆ ಚಾಟಿಯೇಟು. ಬಡಿತ ಹೆಚ್ಚುತ್ತದೆ, ರಕ್ತನಾಳ ಬಿಗಿಯುತ್ತದೆ. ವೇಗಸ್ ಎಂಬ ನರ ಇದಕ್ಕೆ ಲಗಾಮು. ಉಸಿರನ್ನು ದೀರ್ಘವಾಗಿ ಹೊರಬಿಟ್ಟಾಗ ಲಗಾಮು ಹಿಡಿತಕ್ಕೆ ಬಂದು ಬಡಿತ ಇಳಿಯುತ್ತದೆ, ರಕ್ತದೊತ್ತಡವೂ ತಗ್ಗುತ್ತದೆ.

ಮುಂಬಯಿಯ ಹೃದ್ರೋಗ ತಜ್ಞ ಡಾ. ದಾತೆ ಮತ್ತು ಸಂಗಡಿಗರು 47 ಮಂದಿ ರಕ್ತದೊತ್ತಡದ ರೋಗಿಗಳಿಗೆ ಶವಾಸನ ಕಲಿಸಿ, ಒತ್ತಡ ತಗ್ಗಿದ್ದನ್ನು 1969ರಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ಡಾ. ಚಂದ್ರಾ ಪಟೇಲ್ 1973ರಲ್ಲಿ 20 ರೋಗಿಗಳ ವಿಷಯ ಬರೆದರು. ಅವರಲ್ಲಿ 5 ಮಂದಿಗೆ ಮಾತ್ರೆಯೇ ಬೇಡವಾಯಿತು.

ಇಲ್ಲಿಯೇ ನಾವು ಎಡವುವುದು. ಆ ಐವರ ಮಾತ್ರೆ ಬಿಡಿಸಿದ್ದು ವೈದ್ಯರು, ಒತ್ತಡವನ್ನು ಮತ್ತೆ ಮತ್ತೆ ಅಳೆದು ನೋಡಿ. ನಮ್ಮ ಹಳ್ಳಿಗಳಲ್ಲಿ ಎಂಟು ದಿನ ಯೋಗ ಮಾಡಿ, ಮೈ ಹಗುರಾಯಿತೆಂದು ತಾವೇ ಮಾತ್ರೆ ಬಿಡುವವರಿದ್ದಾರೆ. ರಕ್ತದೊತ್ತಡ ಹೇಳಿ ಕೇಳಿ ಏರುವುದಿಲ್ಲ. ಏರಿದ್ದು ತಿಳಿಯುವ ಹೊತ್ತಿಗೆ ಲಕ್ವ ಹೊಡೆದಿರಬಹುದು. ಹೃದಯಾಘಾತವಾದ ಸುಮಾರು 4,000 ಮಂದಿಯನ್ನು ಭಾರತದ 24 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ ದೊಡ್ಡ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಯೋಗ ಕಲಿತವರು ತಮ್ಮ ಆರೋಗ್ಯ ಸುಧಾರಿಸಿದೆಯೆಂದರು. ಆದರೆ ಮತ್ತೆ ಹೃದಯಾಘಾತ, ಮರಣ ಮುಂತಾದವು ಕಡಿಮೆಯಾದವೆಂದು ಖಚಿತವಾಗಿ ಸಿದ್ಧವಾಗಲಿಲ್ಲ. ಯೋಗದ ಮೇಲಿನ ಅಭಿಮಾನದಿಂದ ಇದನ್ನು ಮುಚ್ಚಿಡುವುದು ತರವಲ್ಲ. ಮಾತ್ರೆಯೂ ಇರಲಿ, ಶವಾಸನವೂ ಇರಲಿ. ಎದೆ ಹಿಂಡಿದಂತಾಗಿ ಬೆವರಿದರೆ ಮಾತ್ರ ಚಾಪೆ ಹಾಸಬೇಡಿ, 108ಕ್ಕೆ ಫೋನ್ ಮಾಡಿಸಿ.

ಉಂಡ ಕೂಡಲೇ ಬೇಡ. ಸಂಜೆ ದೀಪ ಹಚ್ಚುವ ಮುನ್ನ ಚಾಪೆಯ ಮೇಲೆ ಅಂಗಾತ ಮಲಗಿ, ಪಾದಗಳ ನಡುವೆ ಒಂದಡಿ ಅಂತರವಿರಲಿ, ಅಂಗೈ ಮೇಲ್ಮುಖವಾಗಿರಲಿ. ಮಲಗಿದರೆ ಉಸಿರು ಕಟ್ಟುವವರು ಒರಗಿ ಕೂತೇ ಮಾಡಬಹುದು, ಅಂಥವರು ವೈದ್ಯರಿಗೂ ತೋರಿಸಬೇಕು. ಅಂಗಗಳ ಹೆಸರನ್ನು ಮೊಮ್ಮಕ್ಕಳಿಂದ ಓದಿಸಿ. ಅವಸರ ಮಾಡದಂತೆ ಹೇಳಿ. ಇಪ್ಪತ್ತು ನಿಮಿಷ ಸಾಕು. ಏಳುವಾಗ ಬಲಮಗ್ಗುಲಿಗೆ ಹೊರಳಿ, ಕೈಯೂರಿ ಕುಳಿತು, ಎರಡು ನಿಮಿಷ ಬಿಟ್ಟು ನಿಲ್ಲಿ. ರಕ್ತದೊತ್ತಡದ ಮಾತ್ರೆ ನುಂಗುವವರು ಥಟ್ಟನೆ ಎದ್ದರೆ ತಲೆ ಸುತ್ತಿ ಬೀಳುವ ಭಯವಿದೆ.