ನಿಮಗಿದು ಗೊತ್ತೆ? ರನ್‌ವೇಗಿಂತ ಗಿಡ್ಡ ವಿಮಾನಯಾನ

ಸೂಳೆಕೆರೆಯ ನೀರು ನೋಡಿಕೊಂಡೇ ಬೆಳೆದ ಕೆರೆಬಿಳಚಿಯವರು ರಜೆಯಲ್ಲಿ ದ್ವೀಪ ನೋಡಬೇಕೆಂದರೆ ಸಮುದ್ರಕ್ಕೇ ಹೋಗಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಹರಡಿದಾಗ ಸಾಗರ ತಾಲ್ಲೂಕಿನ ತುಮರಿ, ಸಿಗಂದೂರು ಭಾಗ ದ್ವೀಪದಂತಾಯಿತು. ಅಂಬಾರಗೋಡ್ಲಿನಲ್ಲಿ ಕಾರು, ಬಸ್ಸುಗಳನ್ನೇ ಲಾಂಚ್ ಮೇಲೆ ಹತ್ತಿಸಿ ದಾಟಬೇಕಿತ್ತು. ಪ್ರವಾಸಿಗೆ ಅದು ಖುಷಿ. ನಾಡಿಗೆ ಬೆಳಕು ಕೊಡಲು ಊರನ್ನೇ ಮುಳುಗಿಸಿಕೊಂಡ ಅಲ್ಲಿನ ಜನರಿಗೆ ಮಾತ್ರ ಸಂಜೆ ಲಾಂಚ್ ನಿಂತರೆ ಆಸ್ಪತ್ರೆಯೂ ದೂರವಾಗುತ್ತಿತ್ತು. 2025ರ ಜುಲೈ 14ರಂದು ಕೇಬಲ್ ಸೇತುವೆ ತೆರೆಯಿತು. ಕಾರು ಈಗ ನೇರವಾಗಿ ಆಚೆ ದಡಕ್ಕೆ.

ದ್ವೀಪಕ್ಕೆ ಹಾರುವಂಥ ಪುಟ್ಟ ವಿಮಾನ ನೋಡಬೇಕೆ? ಶಿವಮೊಗ್ಗ ಹತ್ತಿರದ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ 2023ರ ಆಗಸ್ಟ್ 31ರಂದು ಎಟಿಆರ್ ವಿಮಾನ ಹಾರಾಟ ಶುರುವಾಯಿತು. ರೆಕ್ಕೆಯ ಮುಂದೆ ಪಂಖ ತಿರುಗುವ ಇಂಥದೇ ವಿಮಾನಗಳು ಲಕ್ಷದ್ವೀಪದ ಅಗತ್ತಿಯಲ್ಲೂ ಇಳಿಯುತ್ತವೆ. ಅಲ್ಲಿನ ರನ್‌ವೇ ಸುಮಾರು 1.2 ಕಿ.ಮೀ. ಅಷ್ಟೇ.

ಸೋಗಾನೆಯದು 3.2 ಕಿ.ಮೀ. ಇನ್ನು ಸ್ಕಾಟ್ಲೆಂಡಿನ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ದ್ವೀಪಗಳ ನಡುವೆ 1967ರಿಂದ ಹಾರುತ್ತಿರುವ ಪುಟ್ಟ ವಿಮಾನ ಕ್ರಮಿಸುವ ಒಟ್ಟು ದೂರವೇ ಸುಮಾರು 2.7 ಕಿ.ಮೀ. ಗಾಳಿ ಅನುಕೂಲವಿದ್ದರೆ ಎರಡು ನಿಮಿಷವೂ ಬೇಡ!