ಎರಡು ಬ್ಯಾಂಡ್‌ನಲ್ಲಿ ಬಾರಿಸಿದರೆ ಕೈ ಕೆಡುತ್ತದೆಯೇ? ಅರೆಕಾಲಿಕ ಕಲಾವಿದರು ಕೇಳುವ ನಾಲ್ಕು ಮಾತುಗಳ ಸತ್ಯಾಸತ್ಯತೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದಲ್ಲಿ ಮದುವೆ ಮತ್ತು ಜಾತ್ರೆ ಹಂಗಾಮು ಶುರುವಾದರೆ ವಾದ್ಯ ನುಡಿಸುವವರಿಗೆ ಬಿಡುವಿಲ್ಲ. ಬ್ರಾಸ್ ಬ್ಯಾಂಡ್, ಡೊಳ್ಳಿನ ಮೇಳ, ಭಜನಾ ಮೇಳ, ರಸಮಂಜರಿ ಆರ್ಕೆಸ್ಟ್ರಾ, ಎಲ್ಲ ಕಡೆಯಿಂದಲೂ ಕರೆ ಬರುತ್ತದೆ. ಇವರಲ್ಲಿ ಹೆಚ್ಚಿನವರಿಗೆ ವಾದ್ಯವೇ ಪೂರ್ತಿ ಕಸುಬಲ್ಲ. ಹಗಲು ಹೊಲ, ಅಂಗಡಿ, ಗ್ಯಾರೇಜ್ ಅಥವಾ ಕಾಲೇಜು. ಉಳಿದ ಹೊತ್ತು ವಾದ್ಯ. ಹೀಗಿರುವಾಗ ಎರಡು ತಂಡಗಳು ಒಬ್ಬರನ್ನೇ ಕರೆದರೆ ಯಾವುದಕ್ಕೆ ಹೋಗಬೇಕು?

ಈ ಪ್ರಶ್ನೆ ಎದ್ದ ಕೂಡಲೇ ಸಲಹೆಗಳೂ ಬರುತ್ತವೆ. "ಎರಡು ಕಡೆ ಬಾರಿಸಿದರೆ ಕೈ ಕೆಡುತ್ತದೆ", "ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ", "ರಾತ್ರಿ ಕಾರ್ಯಕ್ರಮ ಮುಗಿಸಿ ಚಹಾ ಕುಡಿದರೆ ಬೈಕ್ ಓಡಿಸಬಹುದು", "ಎಲ್ಲಿ ರೊಕ್ಕ ಹೆಚ್ಚೋ ಅಲ್ಲಿಗೆ ಹೋಗು". ಈ ನಾಲ್ಕೂ ಮಾತುಗಳನ್ನು ನಾವು ಒಂದೊಂದಾಗಿ ಪರಿಶೀಲಿಸೋಣ.

ಮಾತು 1: ಎರಡು ಶೈಲಿ ನುಡಿಸಿದರೆ ಕೈ ಕೆಡುತ್ತದೆ

ನಮ್ಮ ಉತ್ತರ: ಬಹುಪಾಲು ತಪ್ಪು.

ಇದಕ್ಕೆ ಉತ್ತರ ಹಾನಗಲ್ಲ ತಾಲ್ಲೂಕಿನಲ್ಲೇ ಇದೆ. 1892ರಲ್ಲಿ ಇಲ್ಲಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಹಿಂದೂಸ್ತಾನಿ ಮತ್ತು ಕರ್ನಾಟಕ, ಎರಡೂ ಪದ್ಧತಿಗಳನ್ನು ಕಲಿತವರು. ಅವರನ್ನು 'ಉಭಯ ಗಾಯನ ವಿಶಾರದ' ಎಂದು ಕರೆದದ್ದು ಅದಕ್ಕೇ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 1914ರಲ್ಲಿ ಇದೇ ತಾಲ್ಲೂಕಿನ ದೇವಗಿರಿಯಲ್ಲಿ ಹುಟ್ಟಿದರು. ಎರಡೂ ಪದ್ಧತಿಯ ಸಂಗೀತದ ಜೊತೆಗೆ ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಹೀಗೆ ಹಲವು ವಾದ್ಯಗಳು ಅವರಿಗೆ ಒಲಿದಿದ್ದವು. ಗುರುಶಿಷ್ಯರಿಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಸ್ವರಲಿಪಿ ನೋಡಿ ನೆನಪಿಸಿಕೊಳ್ಳುವ ಅನುಕೂಲವೂ ಇಲ್ಲದೆ ಎರಡು ಪದ್ಧತಿಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡವರು ಅವರು.

ಅವರು ಅಸಾಧಾರಣ ಪ್ರತಿಭೆಯವರು, ಎಲ್ಲರಿಗೂ ಇದು ಸಾಧ್ಯವೇ ಎಂದು ನೀವು ಕೇಳಬಹುದು. ಸಾಮಾನ್ಯರ ಬಗ್ಗೆಯೂ ಪ್ರಯೋಗಗಳು ನಡೆದಿವೆ. 1979ರಲ್ಲಿ ಜಾನ್ ಶೇ ಮತ್ತು ರಾಬಿನ್ ಮೋರ್ಗನ್ ಎಂಬ ಸಂಶೋಧಕರು ಜನರಿಗೆ ಕೈಚಲನೆಯ ಮೂರು ಬಗೆಗಳನ್ನು ಕಲಿಸಿದರು. ಒಂದು ಗುಂಪು ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಯಿತು. ಇನ್ನೊಂದು ಗುಂಪು ಮೂರನ್ನೂ ಬೆರೆಸಿ ಅಭ್ಯಾಸ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಮುಂದಿತ್ತು. ಆದರೆ ಕೆಲವು ದಿನ ಬಿಟ್ಟು ಪರೀಕ್ಷಿಸಿದಾಗ ಬೆರೆಸಿ ಕಲಿತವರೇ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ಬೆರೆಸಿ ಕಲಿಯುವಾಗ ಆರಂಭದಲ್ಲಿ ತೊಡಕು ಹೆಚ್ಚು, ಆದರೆ ಕಲಿತದ್ದು ಗಟ್ಟಿಯಾಗಿ ಉಳಿಯುತ್ತದೆ.

ಹಾಗಾದರೆ "ಕೈ ಕೆಟ್ಟಿತು" ಎಂದು ಯಾಕೆ ಅನ್ನಿಸುತ್ತದೆ? ಎರಡು ಶೈಲಿ ಪೂರ್ತಿ ಬೇರೆಯಾಗಿದ್ದರೆ ಗೊಂದಲ ಕಡಿಮೆ. ಡೊಳ್ಳು ಬಾರಿಸುವಾಗ ಯಾರೂ ರಿದಮ್ ಪ್ಯಾಡ್ ಎಂದು ತಿಳಿದು ಬೆರಳಾಡಿಸುವುದಿಲ್ಲ. ಗೊಂದಲ ಆಗುವುದು ಒಂದೇ ಹಾಡನ್ನು ಎರಡು ತಂಡಗಳು ಸ್ವಲ್ಪ ಬೇರೆಯಾಗಿ ನುಡಿಸುವಾಗ. ಒಂದು ತಂಡ ಪಲ್ಲವಿಯನ್ನು ಎರಡು ಸಲ ಹೇಳಿ ಮುಗಿಸುತ್ತದೆ, ಇನ್ನೊಂದು ಮೂರು ಸಲ. ಇಂಥ ಕಡೆ ತಪ್ಪು ಸಹಜ. ಅಂಥ ಹಾಡುಗಳ ಪಟ್ಟಿ ಬರೆದಿಟ್ಟುಕೊಂಡು, ಕಾರ್ಯಕ್ರಮಕ್ಕೆ ಮುಂಚೆ ಆರಂಭ ಮತ್ತು ಮುಕ್ತಾಯವನ್ನಷ್ಟೇ ಒಮ್ಮೆ ಬಾರಿಸಿ ನೋಡಿದರೆ ಹೆಚ್ಚಿನ ಗೊಂದಲ ತಪ್ಪುತ್ತದೆ.

ಕೈ ನಿಜವಾಗಿ ಕೆಡುವುದು ಇನ್ನೊಂದು ಕಾರಣಕ್ಕೆ. ವಾರಕ್ಕೆ ನಾಲ್ಕು ತಾಸು ಬಾರಿಸುತ್ತಿದ್ದವರು ಹಂಗಾಮಿನಲ್ಲಿ ದಿಢೀರನೆ ಇಪ್ಪತ್ತು ತಾಸು ಬಾರಿಸಿದರೆ ಮಣಿಕಟ್ಟು, ಮೊಣಕೈ, ಭುಜದ ಸ್ನಾಯುರಜ್ಜುಗಳಿಗೆ ಪೆಟ್ಟಾಗುತ್ತದೆ. ಅದು ಎರಡು ಬ್ಯಾಂಡ್ ಆದ್ದರಿಂದ ಆದದ್ದಲ್ಲ, ಹೊರೆ ಒಮ್ಮೆಲೇ ಏರಿದ್ದರಿಂದ ಆದದ್ದು. ಬೆರಳು ಜೋಮು ಹಿಡಿಯುವುದು, ಮರುದಿನವೂ ನೋವು ಇಳಿಯದಿರುವುದು ಕಂಡರೆ ಬಾರಿಸುವುದನ್ನು ಕಡಿಮೆ ಮಾಡಿ ವೈದ್ಯರಿಗೆ ತೋರಿಸಿ.

ಮಾತು 2: ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ

ನಮ್ಮ ಉತ್ತರ: ಪೂರ್ತಿ ತಪ್ಪು, ಅಪಾಯಕಾರಿ ಕೂಡ.

ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ರೋಮಕೋಶಗಳಿವೆ. ಜೋರು ಸದ್ದಿಗೆ ಅವು ದಣಿಯುತ್ತವೆ. ಕಾರ್ಯಕ್ರಮ ಮುಗಿದ ಮೇಲೆ ಕಿವಿ ಗುಂಯ್ ಅನ್ನುವುದು, ಮಾತು ಮಂದವಾಗಿ ಕೇಳುವುದು ಅದರ ಸೂಚನೆ. ವಿಶ್ರಾಂತಿ ಸಿಕ್ಕರೆ ಸ್ವಲ್ಪ ಚೇತರಿಸಿಕೊಳ್ಳುತ್ತವೆ. ಮತ್ತೆ ಮತ್ತೆ ಹೊಡೆತ ಬಿದ್ದರೆ ಸಾಯುತ್ತವೆ. ಮನುಷ್ಯರಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. "ಮೊದಲು ಸದ್ದು ಜೋರು ಅನ್ನಿಸುತ್ತಿತ್ತು, ಈಗ ಅನ್ನಿಸುವುದಿಲ್ಲ" ಎಂದರೆ ಕಿವಿ ಒಗ್ಗಿದೆ ಎಂದಲ್ಲ, ಕೇಳುವ ಶಕ್ತಿ ಕುಗ್ಗಿರಬಹುದು ಎಂದು ಅರ್ಥ.

ಜರ್ಮನಿಯಲ್ಲಿ ಸುಮಾರು 30 ಲಕ್ಷ ಆರೋಗ್ಯ ವಿಮೆದಾರರ ದಾಖಲೆಗಳನ್ನು ನೋಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸದ್ದಿನಿಂದ ಬರುವ ಕಿವುಡುತನದ ಅಪಾಯ ವೃತ್ತಿಪರ ಸಂಗೀತಗಾರರಲ್ಲಿ ಉಳಿದವರಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು.

ಇದರಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಸಲಹೆಯಂತೆ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧಕ್ಕೆ ಇಳಿಯುತ್ತದೆ.

88 ಡೆಸಿಬಲ್: 4 ತಾಸು
91 ಡೆಸಿಬಲ್: 2 ತಾಸು
94 ಡೆಸಿಬಲ್: 1 ತಾಸು
97 ಡೆಸಿಬಲ್: ಅರ್ಧ ತಾಸು
100 ಡೆಸಿಬಲ್: 15 ನಿಮಿಷ

ಈಗ ಒಂದು ಉದಾಹರಣೆ. ಬೆಳಿಗ್ಗೆ ಮೆರವಣಿಗೆಯ ಬ್ಯಾಂಡ್‌ನಲ್ಲಿ 97 ಡೆಸಿಬಲ್ ಸದ್ದಿನ ನಡುವೆ ಒಂದು ತಾಸು ಇದ್ದಿರಿ ಎಂದುಕೊಳ್ಳಿ. ಆ ದಿನದ ಪಾಲಿನ ಎರಡು ಪಟ್ಟು ಅಲ್ಲೇ ಮುಗಿಯಿತು. ಸಂಜೆ ಆರ್ಕೆಸ್ಟ್ರಾದಲ್ಲಿ 94 ಡೆಸಿಬಲ್‌ನಲ್ಲಿ ಮೂರು ತಾಸು ಕುಳಿತರೆ ಇನ್ನೂ ಮೂರು ಪಟ್ಟು. ಒಟ್ಟು ಐದು ಪಟ್ಟು. ಒಂದೊಂದು ಬ್ಯಾಂಡ್‌ನ ಮಾಲೀಕರಿಗೂ ತಮ್ಮ ಕಾರ್ಯಕ್ರಮದ ಲೆಕ್ಕ ಮಾತ್ರ ಕಾಣುತ್ತದೆ. ಕೂಡಿಸಿ ನೋಡಬೇಕಾದವರು ನೀವೇ. ಬ್ಯಾಂಡ್ ಎರಡಿರಬಹುದು, ಕಿವಿ ಮಾತ್ರ ಒಂದೇ ಜೊತೆ.

ಅಳೆಯುವ ಯಂತ್ರ ಬೇಕಿಲ್ಲ. ಒಂದು ಕೈ ಅಳತೆಯಲ್ಲಿ ನಿಂತವರೊಡನೆ ಮಾತಾಡಲು ಕೂಗಬೇಕಾಗಿದ್ದರೆ ಸದ್ದು 85 ಡೆಸಿಬಲ್ ದಾಟಿದೆ ಎಂದೇ ತಿಳಿಯಿರಿ. ಹತ್ತಿ ತುರುಕಿಕೊಳ್ಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಔಷಧ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಅನ್ನು ಹೊಸೆದು ಸರಿಯಾಗಿ ಒಳಗಿಟ್ಟರೆ ಸದ್ದು ಚೆನ್ನಾಗಿ ತಗ್ಗುತ್ತದೆ. ಸ್ವರ ಸ್ಪಷ್ಟವಾಗಿ ಕೇಳಬೇಕೆನ್ನುವವರಿಗೆ ಸಂಗೀತಗಾರರಿಗೆಂದೇ ಮಾಡಿದ ಪ್ಲಗ್‌ಗಳಿವೆ. ಸ್ಪೀಕರ್‌ನಿಂದ ನಾಲ್ಕು ಹೆಜ್ಜೆ ದೂರ ಕೂರುವುದಕ್ಕೆ ಖರ್ಚೇ ಇಲ್ಲ.

ಕಿವಿಗೆ ಬಿಸಿ ಎಣ್ಣೆ ಬಿಟ್ಟರೆ ಸರಿಹೋಗುತ್ತದೆ ಎಂಬ ಮಾತನ್ನೂ ನಂಬಬೇಡಿ. ರೋಮಕೋಶಗಳಿರುವುದು ತಮಟೆಯ ಆಚೆ, ಒಳಕಿವಿಯಲ್ಲಿ. ಎಣ್ಣೆ ಅಲ್ಲಿಗೆ ಮುಟ್ಟುವುದೇ ಇಲ್ಲ. ತಮಟೆ ತೂತಾಗಿದ್ದರೆ ಎಣ್ಣೆಯಿಂದ ಸೋಂಕು ಬರಬಹುದು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಂತಾದರೆ ಅದು ತುರ್ತು ಸ್ಥಿತಿ. ನಾಳೆ ನೋಡೋಣ ಎನ್ನದೆ ಕಿವಿ-ಮೂಗು-ಗಂಟಲು ವೈದ್ಯರಲ್ಲಿಗೆ ಹೋಗಿ.

ಮಾತು 3: ಚಹಾ ಕುಡಿದರೆ ರಾತ್ರಿ ಬೈಕ್ ಓಡಿಸಬಹುದು

ನಮ್ಮ ಉತ್ತರ: ತಪ್ಪು. ನಾಲ್ಕರಲ್ಲಿ ಜೀವಕ್ಕೇ ಕುತ್ತು ತರುವ ಮಾತು ಇದು.

ಹಿರೇಕೆರೂರು ಜಿಲ್ಲೆಯ ದಕ್ಷಿಣಕ್ಕೆ, ಶಿಗ್ಗಾಂವಿ ಮತ್ತು ಸವಣೂರು ಉತ್ತರಕ್ಕೆ. ಒಂದು ತುದಿಯಲ್ಲಿ ಕಾರ್ಯಕ್ರಮ, ಇನ್ನೊಂದು ತುದಿಯಲ್ಲಿ ಮನೆ ಇದ್ದರೆ ನಡುರಾತ್ರಿ ಹೆದ್ದಾರಿಯ ಮೇಲೆ ಲಾರಿಗಳ ನಡುವೆ ಬರಬೇಕು.

1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 'ನೇಚರ್' ಪತ್ರಿಕೆಯಲ್ಲಿ ತೋರಿಸಿದಂತೆ, 17 ತಾಸು ನಿದ್ದೆಯಿಲ್ಲದೆ ಇದ್ದವರ ಚುರುಕು, ರಕ್ತದಲ್ಲಿ ಶೇ. 0.05 ಮದ್ಯ ಇರುವವರಷ್ಟಕ್ಕೆ ಇಳಿದಿರುತ್ತದೆ. ನಮ್ಮ ದೇಶದ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ಹಾಕಿರುವ ಮಿತಿ ಶೇ. 0.03. ಬೆಳಿಗ್ಗೆ 6ಕ್ಕೆ ಎದ್ದು ಅಂಗಡಿ ಕೆಲಸ ಮುಗಿಸಿ ಆರ್ಕೆಸ್ಟ್ರಾಕ್ಕೆ ಹೋದವರಿಗೆ ರಾತ್ರಿ 11ಕ್ಕೇ 17 ತಾಸು ತುಂಬುತ್ತದೆ. ಒಂದು ಹನಿ ಕುಡಿಯದಿದ್ದರೂ, ಅವರ ಚುರುಕು ಕಾನೂನು ಒಪ್ಪದಷ್ಟು ಕುಡಿದವರ ಮಟ್ಟದಲ್ಲಿರುತ್ತದೆ. ಚಹಾ ಸ್ವಲ್ಪ ಹೊತ್ತು ಎಚ್ಚರ ಕೊಡಬಹುದು, ನಿದ್ದೆಯ ಸಾಲ ತೀರಿಸುವುದಿಲ್ಲ.

ಆದ್ದರಿಂದ ಯಾವ ಬ್ಯಾಂಡ್ ಎಂದು ಆರಿಸುವಾಗ ಮೊದಲ ಪ್ರಶ್ನೆ ಇದಾಗಲಿ: ಈ ತಂಡ ಕಲಾವಿದರನ್ನು ಮನೆಗೆ ಹೇಗೆ ಮುಟ್ಟಿಸುತ್ತದೆ? ತಂಡದ ವಾಹನ ಇದೆಯೇ? ಅಲ್ಲೇ ಮಲಗಿ ಬೆಳಿಗ್ಗೆ ಬರುವ ವ್ಯವಸ್ಥೆ ಇದೆಯೇ?

ಇಲ್ಲಿ ಕಾನೂನೂ ನಿಮ್ಮ ನೆರವಿಗಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು. 2010ರ ತಿದ್ದುಪಡಿ ವಾದ್ಯಗಳನ್ನೂ ಇದರೊಳಗೆ ತಂದಿದೆ. 10ಕ್ಕೆ ನಿಲ್ಲಿಸುವ ತಂಡ ಕಾನೂನನ್ನೂ ಪಾಲಿಸಿದಂತೆ, ನಿಮ್ಮ ನಿದ್ದೆಯನ್ನೂ ಉಳಿಸಿದಂತೆ.

ಮಾತು 4: ರೊಕ್ಕ ಹೆಚ್ಚು ಕೊಡುವ ಕಡೆ ಹೋಗು

ನಮ್ಮ ಉತ್ತರ: ಅರ್ಧ ಸತ್ಯ. ರೊಕ್ಕ ನೋಡಲೇಬೇಕು, ಆದರೆ ಪೂರ್ತಿ ಲೆಕ್ಕ ಹಾಕಿ ನೋಡಬೇಕು.

ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ನಾವು ಹಾಕಿಕೊಂಡವು; ನಿಮ್ಮ ಅಂಕಿ ಹಾಕಿ ನೋಡಿ.

ಆರ್ಕೆಸ್ಟ್ರಾ ಒಂದು ಕಾರ್ಯಕ್ರಮಕ್ಕೆ 1,500 ರೂಪಾಯಿ ಕೊಡುತ್ತದೆ. ಮನೆ ಬಿಡುವುದು ಸಂಜೆ 4ಕ್ಕೆ, ತಿರುಗಿ ಬರುವುದು ರಾತ್ರಿ 2ಕ್ಕೆ. ರಿಹರ್ಸಲ್ ಬೇರೆ 3 ತಾಸು. ಪೆಟ್ರೋಲು 200 ರೂಪಾಯಿ. ಅಂದರೆ 13 ತಾಸಿಗೆ 1,300, ತಾಸಿಗೆ 100 ರೂಪಾಯಿ. ಮರುದಿನ ನಿದ್ದೆಗೆಟ್ಟು 500 ರೂಪಾಯಿಯ ಪಾಳಿ ತಪ್ಪಿದರೆ ಉಳಿಯುವುದು ತಾಸಿಗೆ ಸುಮಾರು 60 ರೂಪಾಯಿ.

ಬ್ರಾಸ್ ಬ್ಯಾಂಡ್ ಕೊಡುವುದು 800 ರೂಪಾಯಿ. ಬೆಳಿಗ್ಗೆ 8ರಿಂದ ಮಧ್ಯಾಹ್ನ 1ರವರೆಗೆ 5 ತಾಸು, ಪೆಟ್ರೋಲು 50. ತಾಸಿಗೆ 150 ರೂಪಾಯಿ. ಕಡಿಮೆ ಕೊಟ್ಟಂತೆ ಕಂಡದ್ದೇ ಹೆಚ್ಚು ಕೊಟ್ಟಿತು. ನಿಮ್ಮ ಲೆಕ್ಕದಲ್ಲಿ ಇದು ತಿರುಗಿಯೂ ಬರಬಹುದು. ಬೆಳಗಿನ ಬ್ಯಾಂಡ್‌ಗಾಗಿ ಅಂಗಡಿ ಕೆಲಸ ಬಿಡಬೇಕಾಗಿದ್ದರೆ ಆ ಕೂಲಿಯನ್ನೂ ಕಳೆಯಬೇಕು.

ರೊಕ್ಕದ ಲೆಕ್ಕಕ್ಕೆ ಸಿಗದ ಇನ್ನೊಂದು ಸಂಗತಿ ಇದೆ. "ಐದು ವರ್ಷ ಇದ್ದ ತಂಡ, ಹೇಗೆ ಬಿಡಲಿ?" ಎಂದು ಅನೇಕರು ಕೇಳುತ್ತಾರೆ. ಕಳೆದ ಐದು ವರ್ಷ ಹೇಗೂ ಮರಳಿ ಬರುವುದಿಲ್ಲ. ಅದು ವ್ಯರ್ಥವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಉಳಿಯುವುದನ್ನು ಮನೋವಿಜ್ಞಾನಿಗಳು ನಿರ್ಧಾರದ ತಪ್ಪು ಎಂದೇ ಗುರುತಿಸುತ್ತಾರೆ. ಆದರೆ ಆ ತಂಡದವರು ನಿಮ್ಮ ಮನೆಯ ಕಷ್ಟಕ್ಕೆ ನಿಂತವರು, ನಾಳೆಯೂ ನಿಲ್ಲುವವರು ಎಂದಾದರೆ ಅದು ಮುಂದಿನ ಲೆಕ್ಕ. ಅದನ್ನು ತೂಗಲೇಬೇಕು. ಊರಿನ ಡೊಳ್ಳಿನ ಮೇಳ ಬಿಡುವುದೂ ಬಾಡಿಗೆ ತಂಡ ಬಿಡುವುದೂ ಒಂದೇ ಅಲ್ಲ. ಮೇಳದಲ್ಲಿ ಒಬ್ಬರು ಕಡಿಮೆಯಾದರೆ ಸಾಲು ಕೆಡುತ್ತದೆ, ಬೀರೇಶ್ವರ ಗುಡಿಯ ಸೇವೆಗೆ ಬದಲಿ ಹುಡುಕಬೇಕಾಗುತ್ತದೆ.

ಹಾಗಾದರೆ ಆರಿಸುವುದು ಹೇಗೆ?

ಒಂದು ಹಾಳೆಯಲ್ಲಿ ಎರಡೂ ತಂಡಗಳ ಹೆಸರು ಬರೆದು, ಕೆಳಗೆ ಐದು ಸಾಲು ತುಂಬಿ: ತಾಸಿಗೆ ಎಷ್ಟು ಉಳಿಯುತ್ತದೆ, ಸದ್ದಿನಲ್ಲಿ ಎಷ್ಟು ಹೊತ್ತು, ಮನೆಗೆ ಮುಟ್ಟುವುದು ಎಷ್ಟಕ್ಕೆ ಮತ್ತು ಹೇಗೆ, ಹೊಸದೇನು ಕಲಿಯುತ್ತೀರಿ, ಕಷ್ಟಕ್ಕೆ ಯಾರಿದ್ದಾರೆ. ಎರಡರಲ್ಲೂ ಇರಬಹುದು ಅನ್ನಿಸಿದರೆ ಒಂದು ಹಂಗಾಮು ಮಾತ್ರ ಎಂದು ಅವಧಿ ಹಾಕಿಕೊಳ್ಳಿ. ಒಂದೇ ದಿನ ಎರಡೂ ಕಡೆ ಒಪ್ಪಿಕೊಳ್ಳಬೇಡಿ. ಇನ್ನೊಂದು ತಂಡ ಇದೆ ಎಂದು ಇಬ್ಬರಿಗೂ ಮೊದಲೇ ಹೇಳಿ. ಬಿಡುವುದಾದರೆ ಅಡ್ವಾನ್ಸ್ ಪಡೆದ ಕಾರ್ಯಕ್ರಮಗಳನ್ನು ಮುಗಿಸಿಕೊಟ್ಟೇ ಬಿಡಿ. ತಾಲ್ಲೂಕು ಚಿಕ್ಕದು, ಮುಂದಿನ ಮದುವೆಯಲ್ಲಿ ಅವರೇ ಎದುರು ಸಿಗುತ್ತಾರೆ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ: ಎರಡು ಶೈಲಿಯಿಂದ ಕೈ ಕೆಡುವುದಿಲ್ಲ, ಒಮ್ಮೆಲೇ ಏರಿದ ಹೊರೆಯಿಂದ ಕೆಡುತ್ತದೆ. ಕಿವಿ ಸದ್ದಿಗೆ ಒಗ್ಗುವುದಿಲ್ಲ, ಸವೆಯುತ್ತದೆ. ನಿದ್ದೆಗೆಟ್ಟು ಬೈಕ್ ಓಡಿಸುವುದು ಕುಡಿದು ಓಡಿಸಿದಷ್ಟೇ ಅಪಾಯ. ಕಾರ್ಯಕ್ರಮದ ರೊಕ್ಕವನ್ನು ತಾಸಿನಿಂದ ಭಾಗಿಸಿ ನೋಡಿ. ನಿಮ್ಮ ಗುಂಪಿನಲ್ಲಿ ಬ್ಯಾಂಡ್ ಬಾರಿಸುವ ತಮ್ಮನೋ ಅಣ್ಣನೋ ಇದ್ದರೆ ಅವರಿಗೆ ಮೊದಲು ಕಳುಹಿಸಿ.