ದೋಣಿ ಯಂತ್ರದ ಕಚ್ಚಿಕೊಂಡ ಬೋಲ್ಟುಗಳು: ಬಿಚ್ಚುವ ಕ್ರಮ ಮತ್ತು ಸವಕಳಿ ತಡೆ

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಕರಾವಳಿಯಲ್ಲಿ ನಾಡದೋಣಿಗಳ ಹಿಂಬದಿಗೆ ಜೋಡಿಸುವ ಔಟ್‌ಬೋರ್ಡ್ ಯಂತ್ರಗಳು ಇಂದು ಸಾಮಾನ್ಯವಾಗಿವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ದಡದ ಸಮೀಪ ಬಲೆ ಬೀಸುವ ನಾಡದೋಣಿಯವರಿಗೆ ಮಳೆಗಾಲವೇ ದುಡಿಮೆಯ ಕಾಲ. ಇಂತಹ ಸಮಯದಲ್ಲಿ ಯಂತ್ರ ಕೈಕೊಟ್ಟರೆ ದಿನದ ಸಂಪಾದನೆ ತಪ್ಪುವುದು ಮಾತ್ರವಲ್ಲ, ಅಬ್ಬರದ ಕಡಲಿನಲ್ಲಿ ಪ್ರಾಣಕ್ಕೂ ಅಪಾಯ.

ಯಂತ್ರ ಕೆಡಲು ಅನೇಕ ಕಾರಣಗಳಿದ್ದರೂ ಒಂದು ಕಾರಣ ಬಹು ಸಣ್ಣದು. ಯಂತ್ರವನ್ನು ತಂಪಾಗಿಡಲು ಕಡಲ ನೀರನ್ನು ಮೇಲಕ್ಕೆ ಎತ್ತುವ ಪಂಪಿನಲ್ಲಿ ಇಂಪೆಲ್ಲರ್ ಎಂಬ ರಬ್ಬರಿನ ಎಲೆಚಕ್ರವಿರುತ್ತದೆ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಇದನ್ನು ಬದಲಿಸಬೇಕು. ಬಹುತೇಕ ಯಂತ್ರಗಳಲ್ಲಿ ಇದನ್ನು ತಲುಪಲು ಕೆಳಗಿನ ಗೇರ್ ಪೆಟ್ಟಿಗೆಯನ್ನು ಹಿಡಿದಿರುವ ನಾಲ್ಕಾರು ಬೋಲ್ಟುಗಳನ್ನು ಬಿಚ್ಚಬೇಕಾಗುತ್ತದೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಬೋಲ್ಟು ಕಚ್ಚಿಕೊಂಡು, ಬಿಚ್ಚುವಾಗ ತುಂಡಾಗುತ್ತದೆ. ಅದಕ್ಕೆ ಹೆದರಿ ಪಂಪನ್ನು ಹಾಗೆಯೇ ಬಿಟ್ಟರೆ ನೀರಿನ ಧಾರೆ ಕ್ಷೀಣಿಸಿ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸಣ್ಣ ರಬ್ಬರಿನ ಚಕ್ರವೊಂದನ್ನು ಬದಲಿಸಲಾಗದ್ದಕ್ಕೆ ಇಡೀ ಎಂಜಿನ್ನೇ ಹಾಳಾದಂತಾಗುತ್ತದೆ.

ಬೋಲ್ಟು ಕಚ್ಚಿಕೊಳ್ಳುವುದು ಏಕೆ?

ಔಟ್‌ಬೋರ್ಡ್ ಯಂತ್ರದ ಮೈ ಅಲ್ಯೂಮಿನಿಯಂ ಮಿಶ್ರಲೋಹದ್ದು. ಬೋಲ್ಟುಗಳು ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲಿನವು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿದ್ದರೆ ಅಲ್ಲಿ ಬ್ಯಾಟರಿಯಲ್ಲಿ ನಡೆಯುವಂತಹ ಕ್ರಿಯೆಯೇ ನಡೆದು, ಹೆಚ್ಚು ಚುರುಕಾದ ಲೋಹ ಕರಗುತ್ತಾ ಹೋಗುತ್ತದೆ. ಇಲ್ಲಿ ಕರಗುವುದು ಅಲ್ಯೂಮಿನಿಯಂ. ಬೋಲ್ಟಿನ ಸುತ್ತ ಕಾಣುವ ಬಿಳಿಯ ಪುಡಿ ಇದರ ಗುರುತು. ಈ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಬೋಲ್ಟಿನ ಮರೆಗಳ ನಡುವೆ ಉಬ್ಬಿ, ಬೆಣೆ ಬಡಿದಂತೆ ಬಿಗಿಯುತ್ತದೆ. ‘ಸ್ಟೇನ್‌ಲೆಸ್ ಬೋಲ್ಟು, ಇದಕ್ಕೆ ತುಕ್ಕು ಹಿಡಿಯುವುದಿಲ್ಲ’ ಎಂದು ನಿಶ್ಚಿಂತರಾಗಿರುವುದು ಸರಿಯಲ್ಲ. ಬೋಲ್ಟು ಹೊಳೆಯುತ್ತಿದ್ದರೂ ಅದು ಕುಳಿತಿರುವ ರಂಧ್ರ ಸವೆಯುತ್ತಿರುತ್ತದೆ.

ಬಿಚ್ಚುವ ಕ್ರಮ

ಕಚ್ಚಿಕೊಂಡ ಬೋಲ್ಟಿಗೆ ಉದ್ದನೆಯ ಪೈಪು ತೂರಿಸಿ ತಿರುಗಿಸುವುದು ಅನೇಕರ ವಾಡಿಕೆ. ತುಂಡಾದ ಬೋಲ್ಟುಗಳಲ್ಲಿ ಹೆಚ್ಚಿನವು ಹೀಗೆಯೇ ತುಂಡಾಗುತ್ತವೆ. ಕೆಳಗಿನ ಕ್ರಮವನ್ನು ಒಂದಾದ ಮೇಲೊಂದರಂತೆ ಅನುಸರಿಸಬೇಕು. ಬಲಪ್ರಯೋಗ ಕೊನೆಯದಾಗಿರಲಿ.

1. ಶುಚಿಗೊಳಿಸುವುದು: ಬೋಲ್ಟಿನ ತಲೆ ಮತ್ತು ಸುತ್ತಲಿನ ಜಾಗವನ್ನು ಬಿಸಿ ಸಿಹಿನೀರಿನಿಂದ ತೊಳೆದು ಉಪ್ಪನ್ನು ಕರಗಿಸಿ. ಬಿಳಿಯ ಪುಡಿಯನ್ನು ಸ್ಟೇನ್‌ಲೆಸ್ ತಂತಿಯ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಸಾಮಾನ್ಯ ಕಬ್ಬಿಣದ ಬ್ರಷ್ ಬೇಡ. ಅದರ ಕಣಗಳು ಅಲ್ಯೂಮಿನಿಯಂನಲ್ಲಿ ಉಳಿದು ಹೊಸ ಸವಕಳಿಗೆ ಕಾರಣವಾಗುತ್ತವೆ.

2. ಎಣ್ಣೆ ಇಳಿಸುವುದು: ತುಕ್ಕು ಬಿಡಿಸಲೆಂದೇ ಅಂಗಡಿಗಳಲ್ಲಿ ದೊರೆಯುವ ತೆಳು ಎಣ್ಣೆಯನ್ನು ಬೋಲ್ಟಿನ ಬುಡಕ್ಕೆ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಮತ್ತೆ ಹಾಕಿ. ಬಹಳ ಬಿಗಿದಿದ್ದರೆ ಎರಡು ಮೂರು ದಿನ ಹೀಗೆ ಮಾಡಬೇಕಾದೀತು. ಅಸಿಟೋನ್ ಮತ್ತು ವಾಹನಗಳ ಪವರ್ ಸ್ಟೀರಿಂಗಿಗೆ ಹಾಕುವ ಎ.ಟಿ.ಎಫ್. ಎಣ್ಣೆಯನ್ನು ಸಮಪಾಲು ಬೆರೆಸಿ, ಚೆನ್ನಾಗಿ ಕುಲುಕಿ ಬಳಸುವ ರೂಢಿಯೂ ಇದೆ. ಅಸಿಟೋನ್ ಬೇಗ ಬೆಂಕಿ ಹತ್ತುವಂಥದು. ಬಣ್ಣ ಮತ್ತು ಪ್ಲಾಸ್ಟಿಕ್ಕನ್ನೂ ಕೆಡಿಸುತ್ತದೆ. ಆದುದರಿಂದ ಎಚ್ಚರಿಕೆ ಅಗತ್ಯ.

3. ತಟ್ಟುವುದು: ಬೋಲ್ಟಿನ ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ನೇರವಾಗಿ ಹದಿನೈದು ಇಪ್ಪತ್ತು ಹಗುರ ಪೆಟ್ಟು ಕೊಡಿ. ಇದರಿಂದ ಒಳಗಿನ ಪುಡಿ ಬಿರುಕು ಬಿಟ್ಟು ಎಣ್ಣೆ ಇಳಿಯಲು ದಾರಿಯಾಗುತ್ತದೆ. ಪಕ್ಕದ ಅಲ್ಯೂಮಿನಿಯಂಗೆ ಪೆಟ್ಟು ಬೀಳಬಾರದು; ಅದು ಸೀಳುತ್ತದೆ.

4. ತಿರುಗಿಸುವುದು: ಸರಿಯಾದ ಅಳತೆಯ, ಆರು ಮೂಲೆಯ ರಿಂಗ್ ಅಥವಾ ಬಾಕ್ಸ್ ಸ್ಪ್ಯಾನರನ್ನೇ ಬಳಸಿ. ಬಾಯಿ ತೆರೆದ ಸ್ಪ್ಯಾನರ್ ಜಾರಿ ತಲೆಯ ಮೂಲೆಗಳನ್ನು ಸವೆಸುತ್ತದೆ. ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ಒತ್ತಿ, ನಂತರ ಬಿಚ್ಚುವ ದಿಕ್ಕಿಗೆ ತಿರುಗಿಸಿ. ಸ್ವಲ್ಪ ಅಲುಗಿದೊಡನೆ ಒಂದೇ ಸಮನೆ ಬಿಚ್ಚಲು ಹೋಗಬೇಡಿ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ಹಿಂದಕ್ಕೆ ಬಿಗಿದು, ಎಣ್ಣೆ ಹಾಕಿ ಮತ್ತೆ ಬಿಚ್ಚಿ. ತಿರುಗಿಸುವಾಗ ಬೋಲ್ಟು ಮೆತ್ತಗೆ ಹಿಗ್ಗಿದಂತೆ ಅನಿಸಿದರೆ ಕೂಡಲೇ ನಿಲ್ಲಿಸಿ. ಅದು ತುಂಡಾಗುವ ಮುನ್ಸೂಚನೆ.

5. ಕಾಯಿಸುವುದು: ಎಣ್ಣೆ ಅಲ್ಯೂಮಿನಿಯಂ ಪುಡಿಯನ್ನು ಕರಗಿಸಲಾರದು. ಆದುದರಿಂದ ಮೇಲಿನ ಕ್ರಮಗಳಿಗೆ ಜಗ್ಗದ ಬೋಲ್ಟಿಗೆ ಶಾಖವೇ ಮದ್ದು. 100 ಡಿಗ್ರಿ ಸೆಲ್ಸಿಯಸ್ ಶಾಖ ಏರಿದಾಗ ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಸುಮಾರು 2.3 ಮಿಲಿಮೀಟರ್ ಹಿಗ್ಗಿದರೆ, ಸ್ಟೇನ್‌ಲೆಸ್ ಸ್ಟೀಲು ಸುಮಾರು 1.7 ಮಿಲಿಮೀಟರ್ ಮಾತ್ರ ಹಿಗ್ಗುತ್ತದೆ. ಆದ್ದರಿಂದ ಬೋಲ್ಟಿನ ತಲೆಯನ್ನಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂ ಭಾಗವನ್ನು ಕಾಯಿಸಬೇಕು. ರಂಧ್ರ ಅಗಲವಾಗಿ ಹಿಡಿತ ಸಡಿಲುತ್ತದೆ. ಮೊದಲು ಬಟ್ಟೆ ಸುತ್ತಿ ಕುದಿಯುವ ನೀರನ್ನು ಹೊಯ್ದು ನೋಡಿ. ಸಾಲದಿದ್ದರೆ ಬ್ಲೋ ಲ್ಯಾಂಪಿನ ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಕಾಯಿಸಿ. ಹನಿ ನೀರು ಚುಂಯ್‌ಗುಟ್ಟಿ ಆರಿದರೆ ಶಾಖ 100 ಡಿಗ್ರಿ ದಾಟಿದೆ ಎಂದರ್ಥ; ಅಷ್ಟು ಸಾಕು. ಕಬ್ಬಿಣದಂತೆ ಅಲ್ಯೂಮಿನಿಯಂ ಕೆಂಪಗಾಗಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಕರಗಿ ಬೀಳುತ್ತದೆ. ಬಿಸಿ ಇರುವಾಗಲೇ ಬೋಲ್ಟಿನ ಬುಡಕ್ಕೆ ಮೇಣದ ಬತ್ತಿಯನ್ನು ತಾಗಿಸಿದರೆ ಮೇಣ ಕರಗಿ ಮರೆಗಳೊಳಗೆ ಇಳಿದು ಜಾರಲು ಸಹಾಯಕವಾಗುತ್ತದೆ.

ಎಚ್ಚರಿಕೆ: ಬೆಂಕಿ ಬಳಸುವ ಮುನ್ನ ಇಂಧನದ ಟ್ಯಾಂಕು ಮತ್ತು ಕೊಳವೆಯನ್ನು ತೆಗೆದು ದೂರವಿಡಿ, ಕಾರ್ಬುರೇಟರಿನಲ್ಲಿ ಉಳಿದ ಇಂಧನವನ್ನು ಬಸಿಯಿರಿ, ಹಾಕಿದ ಎಣ್ಣೆಯನ್ನು ಒರೆಸಿ ಆರಲು ಬಿಡಿ. ಅಸಿಟೋನ್ ಬಳಸಿದ ದಿನ ಬೆಂಕಿ ಬೇಡವೇ ಬೇಡ. ಕೆಲಸ ಬಯಲಿನಲ್ಲಿ ನಡೆಯಲಿ. ಪಕ್ಕದಲ್ಲಿ ಒಂದು ಬಕೀಟು ಮರಳಿರಲಿ. ಕಣ್ಣಿಗೆ ಕನ್ನಡಕ ಧರಿಸಿ. ಹತ್ತಿರದಲ್ಲಿ ರಬ್ಬರ್ ಸೀಲುಗಳಿದ್ದರೆ ಒದ್ದೆ ಬಟ್ಟೆ ಸುತ್ತಿ ರಕ್ಷಿಸಿ.

ಬೋಲ್ಟು ತುಂಡಾದರೆ

ತುಂಡು ಸ್ವಲ್ಪ ಹೊರಗಿದ್ದರೆ ಅನುಭವಿ ವೆಲ್ಡರಿಂದ ಅದರ ಮೇಲೆ ಒಂದು ನಟ್ಟನ್ನು ಬೆಸೆಸಿ. ಬೆಸುಗೆಯ ಶಾಖ ಮತ್ತು ಹೊಸ ತಲೆ ಎರಡೂ ಕೂಡಿ ಬೋಲ್ಟನ್ನು ಬಿಡಿಸುತ್ತವೆ. ಒಳಗೇ ಮುರಿದಿದ್ದರೆ ನಟ್ಟ ನಡುವೆ ಪಂಚಿನಿಂದ ಗುರುತು ಮಾಡಿ, ಸಣ್ಣ ಡ್ರಿಲ್ಲಿನಿಂದ ಆರಂಭಿಸಿ ಹಂತ ಹಂತವಾಗಿ ಕೊರೆಯಬೇಕು. ಉಕ್ಕು ಗಟ್ಟಿ, ಅಲ್ಯೂಮಿನಿಯಂ ಮೆದು. ಡ್ರಿಲ್ಲು ಮೆದುವಿನ ಕಡೆಗೇ ಓಡುತ್ತದೆ. ನೆಟ್ಟಗೆ ಕೊರೆಯುವ ಅಭ್ಯಾಸವಿಲ್ಲದವರು ಇದನ್ನು ಲೇತ್ ಕಾರ್ಖಾನೆಗೆ ಒಪ್ಪಿಸುವುದು ಕ್ಷೇಮ. ತುಂಡನ್ನು ತೆಗೆಯಲು ಬಳಸುವ ಎಕ್ಸ್‌ಟ್ರಾಕ್ಟರಿಗೆ ಅತಿಯಾದ ಬಲ ಹಾಕಿ ಅದೇ ಒಳಗೆ ಮುರಿದರೆ, ಅದು ಬಹಳ ಗಡಸಾದುದರಿಂದ ಸಾಮಾನ್ಯ ಡ್ರಿಲ್ಲಿಗೆ ಬಗ್ಗುವುದಿಲ್ಲ. ರಂಧ್ರದ ಮರೆಗಳು ಹಾಳಾಗಿದ್ದರೂ ಯಂತ್ರದ ಮೈಯನ್ನು ಎಸೆಯಬೇಕಾಗಿಲ್ಲ. ಉಕ್ಕಿನ ಸುರುಳಿ ಮರೆ ಕೂರಿಸಿ ಮತ್ತೆ ಬಳಸಬಹುದು.

ಮರುಜೋಡಣೆ

ರಂಧ್ರವನ್ನು ಸರಿಯಾದ ಅಳತೆಯ ಟ್ಯಾಪಿನಿಂದ ಹಗುರವಾಗಿ ಶುಚಿ ಮಾಡಿ. ಸವೆದ ಬೋಲ್ಟನ್ನು ಮತ್ತೆ ಹಾಕದೆ ಅದೇ ಅಳತೆಯ, ಅದೇ ಲೋಹದ ಹೊಸ ಬೋಲ್ಟು ಹಾಕಿ. ಹಿತ್ತಾಳೆ ಅಥವಾ ಸಾಮಾನ್ಯ ಕಬ್ಬಿಣದ ಬೋಲ್ಟು ಸಲ್ಲದು. ಮರೆಗಳ ಪೂರ್ತಿ ಉದ್ದಕ್ಕೂ ಕಡಲ ಬಳಕೆಗೆ ತಕ್ಕ, ನೀರಿಗೆ ತೊಳೆದು ಹೋಗದ ಗ್ರೀಸನ್ನು ಸವರಿ. ಗ್ರಾಫೈಟ್ ಅಥವಾ ತಾಮ್ರ ಬೆರೆತ ಗ್ರೀಸು ಉಪ್ಪುನೀರಿನಲ್ಲಿ ಅಲ್ಯೂಮಿನಿಯಂನ ಸವಕಳಿಯನ್ನು ಹೆಚ್ಚಿಸುವುದರಿಂದ ಅದನ್ನು ಬಳಸಬಾರದು. ಗ್ರೀಸು ಸವರಿದ ಬೋಲ್ಟು ಸುಲಭವಾಗಿ ತಿರುಗುವುದರಿಂದ ಅರಿವಿಲ್ಲದೆ ಅತಿಯಾಗಿ ಬಿಗಿಯುವ ಸಂಭವವಿದೆ. ಸಿಲಿಂಡರ್ ಹೆಡ್ಡಿನಂತಹ ಒಳಭಾಗದ ಬೋಲ್ಟುಗಳಿಗೆ ತಯಾರಕರ ಕೈಪಿಡಿಯಲ್ಲಿ ಹೇಳಿದಂತೆಯೇ ನಡೆಯತಕ್ಕದ್ದು.

ಸವಕಳಿ ತಡೆಯುವ ಕ್ರಮಗಳು

ಸಿಹಿನೀರಿನ ತೊಳೆತ: ಪ್ರತಿ ದಿನ ಕಡಲಿನಿಂದ ಬಂದ ಮೇಲೆ ಯಂತ್ರವನ್ನು ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿ, ನೀರು ಹೀರುವ ಕಿಂಡಿ ಮುಳುಗಿರುವಂತೆ ನೋಡಿಕೊಂಡು, ನ್ಯೂಟ್ರಲ್‌ನಲ್ಲಿ ನಿಧಾನ ವೇಗದಲ್ಲಿ ಸುಮಾರು 10 ನಿಮಿಷ ನಡೆಸಿ. ಪ್ರೊಪೆಲ್ಲರನ್ನು ಮೊದಲೇ ಕಳಚಿಡುವುದು ಸುರಕ್ಷಿತ. ನೀರಿಲ್ಲದೆ ಒಂದು ನಿಮಿಷವೂ ನಡೆಸಬೇಡಿ. ಪಂಪಿನ ರಬ್ಬರು ಸುಟ್ಟುಹೋಗುತ್ತದೆ. ನಂತರ ಯಂತ್ರವನ್ನು ನೇರವಾಗಿ ನಿಲ್ಲಿಸಿ ನೀರು ಬಸಿದು ಹೋಗಲು ಬಿಡಿ.

ಸತುವಿನ ತುಂಡು: ಯಂತ್ರದ ನೀರಿನಲ್ಲಿ ಮುಳುಗುವ ಭಾಗಕ್ಕೆ ಸತುವಿನ ತುಂಡೊಂದನ್ನು ಜೋಡಿಸಿರುತ್ತಾರೆ. ಸತು ಅಲ್ಯೂಮಿನಿಯಂಗಿಂತ ಚುರುಕಾದ ಲೋಹವಾದ್ದರಿಂದ ತಾನು ಮೊದಲು ಕರಗಿ ಯಂತ್ರವನ್ನು ಉಳಿಸುತ್ತದೆ. ಅದು ಕರಗುತ್ತಿದ್ದರೆ ಕೆಲಸ ಮಾಡುತ್ತಿದೆ ಎಂದೇ ತಿಳಿಯಬೇಕು. ಅರ್ಧದಷ್ಟು ಕರಗಿದಾಗ ಬದಲಿಸಿ. ಅದಕ್ಕೆ ಬಣ್ಣ ಹಚ್ಚಬಾರದು. ಅದು ಕೂರುವ ಜಾಗದಲ್ಲಿ ಲೋಹಕ್ಕೆ ಲೋಹ ತಾಗಿರಬೇಕು. ಬಣ್ಣ ಮುಚ್ಚಿದ ಸತು ಇದ್ದೂ ಇಲ್ಲದಂತೆ.

ಬಣ್ಣ: ಬಣ್ಣ ಎದ್ದ ಕಡೆ ಉಜ್ಜಿ, ಅಲ್ಯೂಮಿನಿಯಂಗೆ ತಕ್ಕ ಪ್ರೈಮರ್ ಮತ್ತು ಬಣ್ಣ ಹಚ್ಚಿ. ದೋಣಿಯ ತಳಕ್ಕೆ ಬಳಿಯುವ ತಾಮ್ರದ ಬಣ್ಣವನ್ನು ಯಂತ್ರಕ್ಕೆ ಬಳಿಯಬೇಡಿ.

ಬೋಲ್ಟುಗಳ ಸರದಿ: ಮೂರು ನಾಲ್ಕು ತಿಂಗಳಿಗೊಮ್ಮೆ ಗೇರ್ ಪೆಟ್ಟಿಗೆಯ ಬೋಲ್ಟು, ಸತುವಿನ ಬೋಲ್ಟು, ಪ್ರೊಪೆಲ್ಲರಿನ ನಟ್ಟು ಮತ್ತು ದೋಣಿಗೆ ಬಿಗಿಯುವ ಕ್ಲಾಂಪಿನ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ, ಒರೆಸಿ, ಗ್ರೀಸು ಹಚ್ಚಿ ಮರಳಿ ಬಿಗಿಯಿರಿ. ಇದೇ ವೇಳೆ ಗೇರ್ ಎಣ್ಣೆಯನ್ನೂ ನೋಡಿ. ಹಾಲಿನಂತೆ ಬೆಳ್ಳಗಿದ್ದರೆ ನೀರು ನುಗ್ಗಿದೆ ಎಂದರ್ಥ, ಸೀಲು ಬದಲಿಸಬೇಕು.

ಈ ಕ್ರಮಗಳು ದೋಣಿಯ ಯಂತ್ರಕ್ಕೆ ಮಾತ್ರ ಸೀಮಿತವಲ್ಲ. ಗಜನಿ ಗದ್ದೆಗಳ ಮತ್ತು ಸಿಗಡಿ ಕೊಳಗಳ ಉಪ್ಪುನೀರು ಎತ್ತುವ ಪಂಪ್‌ಸೆಟ್ಟುಗಳಿಗೂ ಇವನ್ನು ಅನುಸರಿಸಬಹುದು.

ಮೇ ತಿಂಗಳಿನಲ್ಲಿ, ಮಳೆ ಹಿಡಿಯುವ ಮುನ್ನ, ಒಮ್ಮೆ ಯಂತ್ರದ ಎಲ್ಲ ಹೊರಗಿನ ಬೋಲ್ಟುಗಳನ್ನೂ ಪರೀಕ್ಷಿಸಿ ಪಂಪಿನ ರಬ್ಬರನ್ನು ಬದಲಿಸಿಕೊಳ್ಳುವುದು ಉತ್ತಮ. ಬಿಸಿಲಿರುವಾಗ ದಡದಲ್ಲಿ ಬಿಡುವಾಗಿ ಬಿಚ್ಚಿದ ಬೋಲ್ಟು, ಮಳೆಗಾಲದಲ್ಲಿ ಕಡಲ ನಡುವೆ ಯಂತ್ರ ನಿಲ್ಲದಂತೆ ಕಾಯುತ್ತದೆ.